ಫಾರ್ಮಲಿನ್ ಸುರಿದ ಕೈ

ಸಿಂದಗಿಯ ಕಾಲೇಜಿನಲ್ಲಿ ನಿಷತ ಪ್ರಾಣಿಶಾಸ್ತ್ರ ಕಲಿಸಲು ನಿಂತರೆ ಕೊನೆಯ ಬೆಂಚಿನವರೂ ಕಿವಿಗೊಟ್ಟು ಕೂರುತ್ತಿದ್ದರು. ವರ್ಣತಂತುವಿನ ಪಾಠಕ್ಕೆ ಒಂದು ಹಳೆಯ ಸೀರೆ ತರುವುದು ಅವಳ ರೂಢಿ. ಹರವಿದರೆ ಕೋಣೆ ತುಂಬುವುದು, ಮಡಿಚಿದರೆ ಬಗಲಲ್ಲಿ ಕೂರುವುದು. ಡಿಎನ್‌ಎ ಎಳೆಯೂ ಹಾಗೆಯೇ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಕೋಶ ಒಡೆದು ಎರಡಾಗುವ ಹೊತ್ತಿಗೆ ಹಿಸ್ಟೋನಿನ ಬಾಲಕ್ಕೆ ಫಾಸ್ಫೇಟಿನ ಗುರುತು ಬೀಳುತ್ತದೆ, ಎಳೆ ಬಿಗಿಯಾಗಿ ಮಡಿಚಿಕೊಳ್ಳುತ್ತದೆ, ವರ್ಣತಂತುಗಳು ಒಂದೊಂದಾಗಿ ಕಾಣುವುದು ಆಗಲೇ, ಎನ್ನುತ್ತಿದ್ದಳು. "ಜೀವ ಇದ್ದ ಕೋಶ ಅಷ್ಟ ಮಡಿಚತೈತಿ. ಸತ್ತದ್ದು ಮಡಿಚೂದಿಲ್ಲ."

ಅವಳ ಮಡಿಲು ಮಾತ್ರ ತುಂಬಲಿಲ್ಲ. ಎರಡು ಬಸಿರು ಇಳಿದುಹೋದ ಮೇಲೆ ವಿಜಯಪುರದ ಡಾಕ್ಟರಮ್ಮ, ಮತ್ತೆ ಹಾಗಾದರೆ ಪಿಂಡದ ತುಣುಕು ತನ್ನಿ, ವರ್ಣತಂತು ನೋಡಿದರೆ ಕಾರಣ ತಿಳಿದೀತು ಎಂದಿದ್ದರು. ಮೂರನೆಯದೂ ಬಿತ್ತು, ಮನೆಯಲ್ಲೇ, ನಡುಹಗಲು. ಮಣ್ಣು ಮಾಡೋಣವೆಂದು ಅತ್ತೆ ಜೈತುನಬಿ ಬಿಳಿ ಬಟ್ಟೆ ತಂದಳು. ನಿಷತ ಕೊಡಲಿಲ್ಲ. ಯಾಕೆ ಹೀಗಾಗುತ್ತಿದೆ ಎಂದು ತಿಳಿಯದೆ ತಾನು ಬದುಕಲಾರೆ ಎಂದು ಹಟ ಹಿಡಿದಳು. ರಕ್ತ ಸುರಿಯುತ್ತಿದ್ದರೂ ಎದ್ದು, ಕಾಲೇಜಿನ ಲ್ಯಾಬಿಗೆಂದು ತಂದಿಟ್ಟಿದ್ದ ಬಾಟಲಿ ತೆಗೆದಳು. ಸತ್ತ ಕಪ್ಪೆ, ಮೀನುಗಳು ಕೆಡದಂತೆ ಮಾಡುತ್ತ ಬಂದ ಹಾಗೆಯೇ ತುಣುಕನ್ನು ಡಬ್ಬಿಗೆ ಹಾಕಿ, ಮುಳುಗುವಷ್ಟು ಫಾರ್ಮಲಿನ್ ಸುರಿದಳು. ಬಾಯಿಯಲ್ಲಿದ್ದ ಪಾಠ ಕೈಗೆ ಬರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿದ್ದಿತ್ತು.

ಗಂಡ ಅಫ್ತಾಬ ಬಾಡಿಗೆ ಕಾರಿನಲ್ಲಿ ಅವಳನ್ನು ವಿಜಯಪುರದ ಆಸ್ಪತ್ರೆಗೆ ಕರೆದೊಯ್ದ. ರಕ್ತ ನಿಲ್ಲಲಿಲ್ಲ; ಜೀವ ಉಳಿಸಲು ಗರ್ಭಕೋಶ ತೆಗೆದರು. ಅವಳಿಗೆ ಎಚ್ಚರವಾದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಬಂದು ಕೂತರು.

"ಸಲೈನ್‌ದಾಗ ತರಬೇಕಿತ್ತರಿ ಮೇಡಂ. ಫಾರ್ಮಲಿನ್‌ದಾಗ ಕೋಶ ಎಲ್ಲಾ ಸತ್ತಾವು, ಇನ್ನ ಒಡಿಯೂದಿಲ್ಲ, ಏನೂ ಕಾಣೂದಿಲ್ಲ. ನೀವು ಕಲಿಸೋರು, ನಿಮಗ ಬಿಡಿಸಿ ಹೇಳೂದ್ಯಾಕ ಅಂತ ಬಿಟ್ಟಿದ್ದೆ."

ಡಬ್ಬಿ ಎಲ್ಲಿ ಎಂದು ನಿಷತ ಕೇಳಿದಳು. ಲ್ಯಾಬಿನವರು ಅದನ್ನು ಆಸ್ಪತ್ರೆಯ ಕಸದ ಜೊತೆ ಸುಡಲು ಕಳಿಸಿಬಿಟ್ಟಿದ್ದರು. ಅವಳು ಗೋಡೆಯ ಕಡೆ ಹೊರಳಿದಳು. ತನ್ನ ಮೈಯಲ್ಲಿ ಇನ್ನು ಹುಡುಕಲು ಏನೂ ಉಳಿದಿಲ್ಲ, ಕಾರಣ ಕೇಳಲು ಯಾರೂ ಇಲ್ಲ ಎನ್ನಿಸಿತು.

ಮನೆಗೆ ಬಂದಾಗ ಜೈತುನಬಿ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಮೇಲಿತ್ತು. ಹಿತ್ತಲಿನ ಬೇವಿನ ಬುಡದಲ್ಲಿ ಸಣ್ಣ ಕುಣಿ ತೋಡಿಸಿ, ಬಿಳಿ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

"ನೋಡೂದು ಮುಗೀತಲ್ಲವ್ವ," ಎಂದಳು ಮೆಲ್ಲಗೆ. "ಇನ್ನರ ನನ್ನ ಕೂಸಿನ್ನ ಕೊಡು."

ನಿಷತ ಬಟ್ಟೆ ಇಸಿದುಕೊಂಡಳು. ಅದರ ಮಡಿಕೆ ಬಿಡಿಸಿದಳು. ಮತ್ತೆ ಮಡಿಚಿ ಅತ್ತೆಯ ಕೈಗೇ ಕೊಟ್ಟಳು.