ಬಡ್ಡಿಯಿಲ್ಲದ ಹಬ್ಬ

ಸಾಗರದ ನಮ್ಮ ಕಚೇರಿಯಲ್ಲಿ ದೀಪಾವಳಿಗೆ ಬಡ್ಡಿಯಿಲ್ಲದ ಮುಂಗಡ ಕೊಟ್ಟು, ಆಮೇಲೆ ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಿದ್ದರು. ನಮ್ಮ ಹೆಡ್‌ಕ್ಲಾರ್ಕ್ ಅದನ್ನು ಜೇಬಿಗಿಟ್ಟು, ಜೇಬನ್ನೊಮ್ಮೆ ತಟ್ಟಿ, ನೇರವಾಗಿ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿ ಬರುತ್ತಿದ್ದರು. “ಹಬ್ಬ ದುಡ್ಡಿಗೆ ಮಾರಾಯಾ, ನಮಗಲ್ಲ” ಎನ್ನುತ್ತಿದ್ದರು ಪ್ರತಿವರ್ಷ.

ಒಂದು ವರ್ಷ ನಾನೂ ಜೇಬು ತಟ್ಟಿಕೊಂಡು ಹೊರಟೆ. ಅಂಚೆ ಕಚೇರಿಗಿಂತ ಮೊದಲು ರೇಡಿಯೋ ಅಂಗಡಿ ಸಿಕ್ಕಿತು.

ಸುದ್ದಿ ತಿಳಿದು ಅವರು ಸಂಜೆ ಮನೆಗೆ ಬಂದರು. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವರು ರೇಡಿಯೋದ ಹತ್ತಿರ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಕೂತರು. ಹಾಡು ಮುಗಿದ ಮೇಲೆ, “ನಿಂದು ಹಾಡ್ತದೆ ಮಾರಾಯಾ. ನಂದು ಸುಮ್ನೆ ಕೂತಿದೆ” ಎಂದರು.

ಗೆದ್ದೆ ಅನ್ನಿಸಿತು. ಮರುದಿನದಿಂದ ಅವರು ದಿನಾ ಸಂಜೆ ಬರತೊಡಗಿದರು. ಬಡ್ಡಿಯೂ ಅವರಿಗೆ, ಹಾಡೂ ಅವರಿಗೆ. ಸಂಬಳದ ಕಡಿತ ಇಬ್ಬರಿಗೂ, ಕಾಫಿಯ ಖರ್ಚು ಮಾತ್ರ ನನಗೆ.