ನಲ್ಲಿಪಾಲಕನೂ ಐನೂರು ಲೀಟರಿನ ಮೀನಿನ ತೊಟ್ಟಿಯೂ

ನಾರಾಯಣಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಕಿವಿಯ ಬಗ್ಗೆ ಅನೇಕ ಕಥೆಗಳಿವೆ. ಐದನೇ ಮಹಡಿಯ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೆ ಮೂರನೇ ಮಹಡಿಯ ಶಿವಶರಣಪ್ಪನ, ಅಂದರೆ ನನ್ನ, ಕೈಯಲ್ಲಿನ ರೊಟ್ಟಿ ಬಾಯಿಗೆ ಹೋಗದೆ ನಿಲ್ಲುತ್ತದೆ ಎಂಬುದು ಅವುಗಳಲ್ಲಿ ತೀರ ಚಿಕ್ಕದು. ಮದುವೆಯೊಂದರಲ್ಲಿ, ವಾದ್ಯದವರು ಎದೆ ಬಿರಿಯುವಂತೆ ಊದುತ್ತಿದ್ದಾಗ, ಹೊರಗೆ ಕೈತೊಳೆಯುವ ಕಡೆ ನಲ್ಲಿ ಸೋರುವುದು ಕೇಳಿಸಿ, ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಾನು ಎದ್ದು ಹೋದೆನಂತೆ. ಬಂದ್ ಮಾಡಿ ಬರುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತಂತೆ. ಮದುಮಗಳ ತಂದೆಯೇ ನಾನು ಎಂದು ಕೆಲವರು ಸೇರಿಸುತ್ತಾರೆ. ಅದು ಶುದ್ಧ ಸುಳ್ಳು. ನಾನು ಚಿಕ್ಕಪ್ಪ ಮಾತ್ರ.

ಈ ಕಥೆಗಳನ್ನೆಲ್ಲ ನಾನೇ ಹಬ್ಬಿಸಿದ್ದು ಎಂದು ನನ್ನ ಹೆಂಡತಿ ಶಿವದೇವಿ ಹೇಳುತ್ತಾಳೆ. ಎಲ್ಲವನ್ನೂ ಅಲ್ಲ.

ಯಾದಗಿರಿ ಕಡೆಯಿಂದ ಇಪ್ಪತ್ತೆರಡನೇ ವಯಸ್ಸಿಗೆ ಹೈದರಾಬಾದಿಗೆ ಬಂದವನು ನಾನು. ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಸ್ಟೋರ್‌ಕೀಪರನ ಕೆಲಸ ಸಾಮಾನು ಕೊಡುವುದು ಎಂದು ಜನ ತಿಳಿದಿದ್ದಾರೆ. ಕೊಡದೆ ಇರುವುದೇ ಆ ಕೆಲಸ. ಹತ್ತು ಬೋಲ್ಟು ಕೇಳಿದವನಿಗೆ ಆರು ಕೊಟ್ಟು, ಆ ಆರಕ್ಕೂ ಅವನು ನಾಚಿಕೊಳ್ಳುವ ಹಾಗೆ ನೋಡಬೇಕು. ಈ ನೋಟ ನನಗೆ ಚೆನ್ನಾಗಿ ಸಿದ್ಧಿಸಿದೆ.

ಹೀಗಾಗಿ ಮೂರು ವರ್ಷದ ಹಿಂದೆ ಬೋರ್ ಬತ್ತಿ, ಟ್ಯಾಂಕರಿನ ದಾರಿ ಕಾಯುವ ಗತಿ ಬಂದಾಗ, ಅಪಾರ್ಟ್‌ಮೆಂಟಿನವರು ನೀರಿನ ಉಸಾಬರಿಯನ್ನು ನನ್ನ ತಲೆಗೆ ಕಟ್ಟಿದರು. ನಾನು ಅದನ್ನು ಕಿರೀಟ ಎಂದುಕೊಂಡೆ. ಪೈಪು ಹಿಡಿದು ಗಿಡಕ್ಕೆ ನೀರು ಬಿಡಬಾರದು, ಗಾಡಿ ತೊಳೆಯಬಾರದು ಎಂದು ಹುಕುಂ ಹೊರಡಿಸಿದೆ. ಪಾರ್ಕಿಂಗಿನ ನಲ್ಲಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಎಲ್ಲಾದರೂ ಟಪ್ ಎಂದು ಸದ್ದಾದರೆ ಮೆಟ್ಟಿಲ ಬಳಿ ನಿಂತು ಕತ್ತೆತ್ತಿ, "ಯಾರ ಮನೀದು?" ಎಂದು ಕೂಗುತ್ತೇನೆ. ಐದು ಮಹಡಿಯ ಬಾಗಿಲುಗಳೂ ತೆರೆಯುತ್ತವೆ. ತಪ್ಪು ಮಾಡಿದವರು ಒಳಗೆ ಓಡಿ ನಲ್ಲಿ ತಿರುಗಿಸುತ್ತಾರೆ, ಮಾಡದವರೂ ಓಡುತ್ತಾರೆ. ಕಾರ್ಖಾನೆಯಲ್ಲಿ ನನ್ನ ಮಾತಿಗೆ ಒಂದು ಬಾಗಿಲೂ ತೆರೆದದ್ದಿಲ್ಲ. ಹಾಗಾಗಿ ಆ ಕೂಗು ನನಗೆ ಎಷ್ಟು ರುಚಿಯೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ಮಹಡಿಯ ಸುಗಲಮ್ಮ ರಾಯಚೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಕಳೆದ ಮೇ ತಿಂಗಳಲ್ಲಿ ಕಾಂಪೌಂಡಿನ ಬದಿಯ ತಮ್ಮ ಕರಿಬೇವಿನ ಕುಂಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತ ನನ್ನ ಕೈಗೆ ಸಿಕ್ಕಿಬಿದ್ದರು. ಮೂವತ್ತು ಅಡಿ ಹಸಿರು ಪೈಪು. ಅಲ್ಲೇ ಸುತ್ತಿ ಜಪ್ತಿ ಮಾಡಿ ತಂದು ನಮ್ಮ ಅಟ್ಟದ ಮೇಲೆ ಒಗೆದೆ. ಅವರು ಮರುದಿನದಿಂದ ನಮ್ಮ ಮನೆಗೆ ಕರಿಬೇವು ಕಳಿಸುವುದನ್ನು ನಿಲ್ಲಿಸಿದರು, ಅಷ್ಟೆ.

ಇಂಥ ನಾನು, ಐನೂರು ಲೀಟರ್ ನೀರು ಕುಡಿಯುವ ಒಂದು ಗಾಜಿನ ತೊಟ್ಟಿಗೆ ಮನಸೋತೆ.

ಮೆಹದಿಪಟ್ಟಣದಲ್ಲಿ ಶಿವದೇವಿಯ ಅಕ್ಕನ ಮನೆಯಿದೆ. ತಿಂಗಳಿಗೆ ಎರಡು ರವಿವಾರ ಹೋಗುತ್ತೇವೆ. ಅಕ್ಕತಂಗಿಯರ ಮಾತು ನನ್ನ ಗುಣಸ್ವಭಾವದ ಕಡೆ ಹೊರಳುವ ಹೊತ್ತಿಗೆ ನಾನು ಚಹಾದ ನೆಪ ಹೇಳಿ ನರಸಿಂಹನ ಹೋಟೆಲು ಸೇರುತ್ತೇನೆ. ಅಲ್ಲಿ ಗೋಡೆಗೆ ಹತ್ತಿ ಆರಡಿಯ ಅಕ್ವೇರಿಯಂ. ಅದರೊಳಗಿನ ಒಂದು ದಪ್ಪ ಕಿತ್ತಳೆ ಬಣ್ಣದ ಮೀನು ನಾನು ಕೂತ ಕಡೆಗೇ ಬಂದು, ಬಾಯಿ ತೆರೆದು ಮುಚ್ಚಿ, ನನ್ನನ್ನೇ ನೋಡುತ್ತಿತ್ತು. ಐವತ್ತು ವರ್ಷದಲ್ಲಿ ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿಲ್ಲ. ನೋಡಿದವರು ಸಲಹೆ ಕೊಡದೆ ಬಿಟ್ಟಿಲ್ಲ.

ಈ ಏಪ್ರಿಲಿನಲ್ಲಿ ನರಸಿಂಹ ಹೋಟೆಲಿಗೆ ಎಸಿ ರೂಮು ಮಾಡಿಸಲು ಹೊರಟ. ತೊಟ್ಟಿಗೆ ಜಾಗವಿಲ್ಲ, ಸಾರ್‌ಗೆ ಬೇಕಾದರೆ ಸ್ಟ್ಯಾಂಡು, ಮೋಟರು, ಮೀನು ಎಲ್ಲ ಸೇರಿಸಿ ಕೊಡುತ್ತೇನೆ ಎಂದ. ಪ್ರಾಮಾಣಿಕ ಮನುಷ್ಯ. ಹಳೇ ತೊಟ್ಟಿಯಾದ್ದರಿಂದ ಮೂಲೆಯ ಅಂಟು ಬಿಟ್ಟಿರಬಹುದು ಎಂಬುದನ್ನೂ ಹೇಳಿದ. ಮೊದಲು ಖಾಲಿ ತೊಟ್ಟಿ ಒಯ್ಯಬೇಕು, ಕೆಳಗೆ ಪೇಪರ್ ಹಾಸಿ ಕಂಠಮಟ್ಟ ನೀರು ತುಂಬಿ ಒಂದು ದಿನ ಬಿಡಬೇಕು, ಪೇಪರ್ ಒದ್ದೆಯಾಗದಿದ್ದರೆ ಮುಂದಿನ ಮಾತು.

ಎರಡು ವಾರ ನನ್ನೊಳಗೆ ಮಹಾಯುದ್ಧ ನಡೆಯಿತು. ಐನೂರು ಲೀಟರ್ ಎಂದರೆ ಒಂದು ಮನೆಯ ಒಂದು ದಿನದ ನೀರು ಎಂದು ಸಭೆಯಲ್ಲಿ ಲೆಕ್ಕ ಬರೆದು ತೋರಿಸಿದವನು ನಾನೇ. ಆದರೆ ಮೀನಿಗೆ ಕೊಟ್ಟ ನೀರು ಖರ್ಚಾಗುವುದಿಲ್ಲ, ತೊಟ್ಟಿಯಲ್ಲೇ ಇರುತ್ತದೆ. ಅಂದಮೇಲೆ ಅದು ದುಂದಲ್ಲ, ದಾಸ್ತಾನು. ಈ ವಾದ ಹೊಳೆದ ದಿನ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ಮನೆಗೆ ಬಂದು ಹೇಳಿದಾಗ ಶಿವದೇವಿ ನಗಲಿಲ್ಲ. ಬ್ಲೌಸಿಗೆ ಹುಕ್ಕು ಹಚ್ಚುತ್ತ, ಆ ಮೀನುಗಳು ಏನು ತಿನ್ನುತ್ತವೆ ಎಂದು ಕೇಳಿದಳು. ಒಣ ಸೀಗಡಿ ಪುಡಿ ಎಂದು ನಾನು ನಿಜ ಹೇಳಿದ್ದು ತಪ್ಪಾಯಿತು. ತತ್ತಿಯ ಹೆಸರೂ ಎತ್ತದ ಮನೆ ನಮ್ಮದು. ಜೋಳದ ರೊಟ್ಟಿ ಪುಡಿ ಮಾಡಿ ಹಾಕಿ ನಿಧಾನಕ್ಕೆ ರೂಢಿ ಮಾಡಿಸೋಣ ಎಂದೆ. ಅವಳು ಸೂಜಿ ಕೆಳಗಿಟ್ಟಳು.

"ಅದು ಹ್ಯಾಂಗರ ಆಗಲಿ," ಎಂದಳು. "ಅಷ್ಟು ನೀರು ತುಂಬಿಸಿದ ಮ್ಯಾಲ ಮೆಟ್ಟಲದಾಗ ನಿಂತು ಮಂದೀಗೆ ಯಾರ ಮನೀದು ಅನ್ನಾಕ ನಿಮಗ ಬಾಯಿ ಇರೂದಿಲ್ಲ. ಮೀನ ಬೇಕೋ, ಆ ಬಾಯಿ ಬೇಕೋ, ಒಂದ ಹೇಳ್ರಿ."

ನನಗೆ ಎರಡೂ ಬೇಕಿತ್ತು. ಕಿರೀಟ ಇಟ್ಟುಕೊಂಡವರ ಕಷ್ಟವೇ ಇದು. ಎರಡೂ ಬೇಕು ಎಂದಾಗ ಅವಳು, ತೀರ್ಮಾನ ಆಗುವತನಕ ಆ ಡಬ್ಬಿ ಮೆಟ್ಟಿಲು ಹತ್ತಬಾರದು ಎಂದು ಹೇಳಿ ಮತ್ತೆ ಸೂಜಿ ಎತ್ತಿಕೊಂಡಳು.

ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ 'ಮನೆಯಲ್ಲಿ ನೀರಿನ ಕೆಲಸ' ಎಂದು ಬರೆದದ್ದರಿಂದ ಸುಳ್ಳಿನ ಪಾಪವೂ ತಟ್ಟಲಿಲ್ಲ. ಮಧ್ಯಾಹ್ನ ಎರಡಕ್ಕೆ ನರಸಿಂಹನ ಆಳುಗಳು ಟ್ರಾಲಿ ಆಟೋದಲ್ಲಿ ತೊಟ್ಟಿ ತಂದು, ಪಾರ್ಕಿಂಗಿನ ಮೂಲೆಯ ಕಂಬದ ಹಿಂದೆ ಸ್ಟ್ಯಾಂಡಿನ ಮೇಲೆ ಕೂರಿಸಿ ಹೋದರು. ಆ ಹೊತ್ತಿಗೆ ದುಡಿಯುವವರು ಕೆಲಸಕ್ಕೆ ಹೋಗಿರುತ್ತಾರೆ, ಉಳಿದವರು ಊಟ ಮಾಡಿ ಮಲಗಿರುತ್ತಾರೆ. ನಾನು ನಾಲ್ಕೂ ಮೂಲೆಯ ಕೆಳಗೆ ಪೇಪರ್ ಹಾಸಿದೆ. ಉಡಿದಾರದ ಕೀಲಿ ಬಿಚ್ಚಿ ಬೀಗ ತೆಗೆದೆ. ಆಗ ಕಂಡದ್ದು, ನಲ್ಲಿ ಈ ತುದಿಗಿದೆ, ತೊಟ್ಟಿ ಆ ತುದಿಗಿದೆ. ಅಷ್ಟು ಉದ್ದದ ಪೈಪು ಈ ಕಟ್ಟಡದಲ್ಲಿ ಇದ್ದದ್ದು ಒಂದೇ.

ಅಟ್ಟದಿಂದ ಅದನ್ನು ಇಳಿಸುವಾಗ ಶಿವದೇವಿ ನೋಡಿದಳು. ಪೈಪಿನ ತುದಿಗೆ ಸುಗಲಮ್ಮ ಗುರುತಿಗೆಂದು ಕಟ್ಟಿದ್ದ ಕೆಂಪು ದಾರ ಹಾಗೇ ಇತ್ತು.

ನೀರು ಏರಿತು. ಬೆರಳೆತ್ತರ, ಗೇಣೆತ್ತರ, ಮೊಳದೆತ್ತರ. ಜೀವನದಲ್ಲಿ ಮೊದಲ ಸಲ ಒಂದು ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಿದ್ದೆ. ಇಷ್ಟು ವರ್ಷ ಬೇರೆಯವರಿಂದ ಕಸಿದುಕೊಂಡದ್ದು ಎಂಥ ಸುಖವೆಂದು ಆಗ ಅರ್ಥವಾಯಿತು. ತುಂಬಿದ ಮೇಲೆ ನಲ್ಲಿಗೆ ಬೀಗ ಹಾಕಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತೆ. ಗಾಜಿನಲ್ಲಿ ನನ್ನ ಮುಖವೇ ಬಾಯಿ ತೆರೆದು ನನ್ನನ್ನು ನೋಡುತ್ತಿತ್ತು. ಮೀನು ಬಂದರೆ ಎಲ್ಲಿ ನಿಲ್ಲುತ್ತದೆ, ನಾನು ಎಲ್ಲಿ ಕೂರುತ್ತೇನೆ ಎಂದು ಯೋಚಿಸುತ್ತ ಕಣ್ಣು ಮುಚ್ಚಿದೆ. ಜೊಂಪು ಹತ್ತಿತು.

ಟಪ್.

ಈ ಕಿವಿಗೆ ಯಾರ ಹಂಗೂ ಇಲ್ಲ, ಯಜಮಾನನ ಹಂಗೂ ಇಲ್ಲ. ಇನ್ನೊಮ್ಮೆ, ಟಪ್. ಕಣ್ಣು ಬಿಡುವ ಮೊದಲೇ ಕಾಲು ಮೆಟ್ಟಿಲ ಬಳಿ ಓಡಿತ್ತು, ಕತ್ತು ಮೇಲೆದ್ದಿತ್ತು, ಬಾಯಿ ತನ್ನಷ್ಟಕ್ಕೆ ತಾನೇ ಕೂಗಿಬಿಟ್ಟಿತ್ತು.

"ಯಾರ ಮನೀದು?"

ಐದು ಮಹಡಿಯ ಬಾಗಿಲುಗಳು ತೆರೆದವು. ಮೇಲೆ ನಲ್ಲಿಗಳು ಕಿರಗುಟ್ಟಿ ಬಿಗಿಯಾದವು. ಟಪ್ ನಿಲ್ಲಲಿಲ್ಲ. ಅದು ನನ್ನ ಬೆನ್ನ ಹಿಂದೆ ಪೇಪರಿನ ಮೇಲೆ, ಆತುರವಿಲ್ಲದೆ ಬೀಳುತ್ತಿತ್ತು.

ಮೊದಲು ಇಳಿದು ಬಂದವರು ಸುಗಲಮ್ಮ. ನನ್ನನ್ನು ನೋಡಲಿಲ್ಲ. ಕಂಬದ ಹಿಂದೆ ಹೋದರು, ತೊಟ್ಟಿಗೆ ಒಂದು ಸುತ್ತು ಬಂದರು, ಒದ್ದೆ ಪೇಪರನ್ನು ಚಪ್ಪಲಿ ತುದಿಯಿಂದ ಸರಿಸಿದರು. ಆಮೇಲೆ ಬಗ್ಗಿ ಪೈಪು ಎತ್ತಿಕೊಂಡು ಕೆಂಪು ದಾರವನ್ನು ಹೆಬ್ಬೆರಳಿನಿಂದ ಸವರಿದರು. ಅಷ್ಟರಲ್ಲಿ ಮೇಲಿನವರೆಲ್ಲ ಬಂದು ನಿಂತಿದ್ದರು. ಮೂರನೇ ಮಹಡಿಯ ಕಟಾಂಜನಕ್ಕೆ ಒರಗಿ ಶಿವದೇವಿಯೂ ನೋಡುತ್ತಿದ್ದಳು.

ಸುಗಲಮ್ಮ ಪೈಪಿನ ಒಂದು ತುದಿಯನ್ನು ತೊಟ್ಟಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಿಂದ ಒಮ್ಮೆ ಎಳೆದು, ಹರಿದ ನೀರನ್ನು ಕರಿಬೇವಿನ ಕುಂಡಗಳಿಗೆ ಬಿಟ್ಟರು. ಹಾಡುಹಗಲಲ್ಲಿ, ನೀರಿನ ಹೊಣೆಗಾರನ ಎದುರಿನಲ್ಲಿ. ಉಳಿದವರು ಬಕೆಟ್ ತಂದು ತೊಟ್ಟಿಯಿಂದ ತುಂಬಿಕೊಂಡರು. ಒಬ್ಬರು ನನ್ನ ಕಣ್ಣೆದುರೇ ಸ್ಕೂಟರ್ ತೊಳೆದರು. ನಾನು ಗೋಡೆಗೆ ಆನಿಕೊಂಡು ಒಳಗೊಳಗೇ ಭಾಷಣ ಕಟ್ಟುತ್ತಿದ್ದೆ. ಬೆಂಕಿ ಬಿದ್ದಾಗ ಉಪಯೋಗಕ್ಕೆ ಬರಲಿ ಎಂದು ಸಾರ್ವಜನಿಕ ಹಿತಕ್ಕಾಗಿ ತರಿಸಿದ ಜಲಭಂಡಾರ ಇದು, ಇತ್ಯಾದಿ. ಚೆನ್ನಾಗಿಯೇ ಬರುತ್ತಿತ್ತು.

ಕೊನೆಯ ಕುಂಡಕ್ಕೂ ನೀರು ಬಿಟ್ಟ ಮೇಲೆ ಸುಗಲಮ್ಮ ಪೈಪನ್ನು ಸುತ್ತಿ ತೋಳಿಗೆ ಹಾಕಿಕೊಂಡು ನನ್ನ ಮುಂದೆ ನಿಂತರು.

"ಈಗ ನೀವs ಹೇಳ್ರಿ ಅಣ್ಣಾರ," ಎಂದರು, ಮೆಲ್ಲಗೆ. "ಯಾರ ಮನೀದು?"

"ನಮ್ಮ ಮನೀದು ರೀ ಅಕ್ಕಾರ," ಎಂದೆ. "ನಾಳೆ ವಾಪಸ್ ಕಳಸ್ತೀನಿ."