ಟ್ರಾಕ್ಟರಿಗೂ ಶುಕ್ರವಾರ

ಗೆಳೆಯರೇ, ಇವತ್ತು ಬೆಳಿಗ್ಗೆ ಮಕ್ತಲ್ ಹತ್ತಿರದ ನಮ್ಮ ಹೊಲದಲ್ಲಿ ಅಜ್ಜಿ ಬಾಡಿಗೆ ಟ್ರಾಕ್ಟರಿಗೆ ಅಡ್ಡ ನಿಂತಳು.

"ಇವತ್ತು ಶುಕ್ರವಾರ. ಹೊಲ ಹೊಡ್ಯಾಂಗಿಲ್ಲ."

ನನಗೆ ಸಿಟ್ಟು ಬಂತು. "ಊರಾಗ ಎಲ್ಲರೂ ಸೋಮವಾರ ಒಂದ ದಿನ ಎತ್ತು ಬಿಡ್ತಾರ. ನಮಗಷ್ಟ ಯಾಕ ಶುಕ್ರವಾರನೂ? ಈಗ ಎತ್ತಾದ್ರೂ ಎಲ್ಲಿ ಅದಾವ?"

ಅಜ್ಜಿ ಬದುವಿನ ಮೇಲೆ ಕೂತಳು. "ನಾ ಸಣ್ಣಾಕಿ ಇದ್ದಾಗ ನಮ್ಮಪ್ಪಂದು ಒಂದ ಎತ್ತು, ಬಾಜು ಮನಿ ಮೌಲಾ ಕಾಕಾಂದು ಒಂದು. ಜೋಡಿ ಕಟ್ಟಿ ಇಬ್ಬರ ಹೊಲಾನೂ ಹೂಡ್ತಿದ್ರು. ಸೋಮವಾರ ನಮ್ಮ ಬಸವಣ್ಣಂದು, ಶುಕ್ರವಾರ ಅವರ ನಮಾಜಿಂದು. ಎರಡೂ ದಿನ ಜೋಡಿ ನಿಲ್ಲತಿತ್ತು. ನಿಜಾಮನ ರಾಜ್ಯದ ಮ್ಯಾಲ ಪೊಲೀಸ್ ಆಕ್ಷನ್ ಆಗಿ ಮುಸಲ್ಮಾನರ ಮ್ಯಾಲ ಗಲಾಟಿ ಎದ್ದಾಗ ಕಾಕಾ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಊರು ಬಿಟ್ಟ. ಎತ್ತಿನ ಹಗ್ಗ ಅಪ್ಪನ ಕೈಯಾಗ ಕೊಟ್ಟು, 'ಶುಕ್ರವಾರ ಮಾತ್ರ ಹೂಡಬ್ಯಾಡ, ನಾ ಬರ್ತೀನಿ' ಅಂದ."

ಡ್ರೈವರ್ ಇಂಜಿನ್ ಆರಿಸಿದ. "ಹಂಗಾದ್ರ ಸೋಮವಾರ ಬರ್ಲೇನ್ರೀ?"

"ಸೋಮವಾರ ಹೂಡಂಗಿಲ್ಲ" ಎಂಬ ಮಾತು ನನ್ನ ಬಾಯಿಂದಲೇ ಬಂತು.

ನಾಳೆ ಬಾ ಎಂದು ಕಳಿಸಿದೆ. ಆ ಎತ್ತು ಸತ್ತು ಎಷ್ಟೋ ಕಾಲವಾಯಿತು. ಶುಕ್ರವಾರವನ್ನು ವಾಪಸ್ ಒಯ್ಯಲು ಮಾತ್ರ ಇನ್ನೂ ಯಾರೂ ಬಂದಿಲ್ಲ.